ಮಾರುವ ಮನೆಗೆ ಮೂರನೇ ಕೋಟು

ಜೂನ್ ೧೪

ಪ್ರೀತಿಯ ನರ್ಸಮ್ಮನಿಗೆ,

ಮೊದಲು ಲೆಕ್ಕ, ಆಮೇಲೆ ಮಾತು. ಮಾರುವ ಮೊದಲು ನಿಮ್ಮ ಮನೆಯನ್ನು ಚೆಂದ ಮಾಡಲು ಇವತ್ತಿನವರೆಗೆ ಆದ ಖರ್ಚು ಹೀಗಿದೆ. ಗೋಡೆಗೆ ಬಣ್ಣ ಮೂರು ಕೋಟು, ಕೂಲಿ ಸೇರಿ ನಲವತ್ತೆಂಟು ಸಾವಿರ. ಗೇಟು, ಲಾರಿ ಬಾಡಿಗೆ ಸೇರಿ ಇಪ್ಪತ್ತಾರು ಸಾವಿರ. ಆ ಗೇಟು ಅಳತೆಗೆ ಕೂರದೆ ಕಂಬ ಕೆಡವಿ ಕಟ್ಟಿದ್ದಕ್ಕೆ ಹದಿಮೂರು ಸಾವಿರದ ನಾನೂರು. ಅಡುಗೆಮನೆಯ ಕಟ್ಟೆ, ಸಿಂಕು, ನಲ್ಲಿ ಎಲ್ಲ ಸೇರಿ ನಲವತ್ತಮೂರು ಸಾವಿರದ ಆರುನೂರು. ಬಚ್ಚಲಿನ ಟೈಲ್ಸು ಇಪ್ಪತ್ತನಾಲ್ಕು ಸಾವಿರದ ಎಂಟುನೂರು. ಅಂಗಳದ ಮಣ್ಣು, ಗಿಡ, ಕಲ್ಲುಹಾಸು ಇಪ್ಪತ್ತೊಂಬತ್ತು ಸಾವಿರ. ಮುಂಬಾಗಿಲಿನ ಪಾಲಿಶ್ ಸಾವಿರದ ಆರುನೂರು. ಒಟ್ಟು ಒಂದು ಲಕ್ಷದ ಎಂಬತ್ತಾರು ಸಾವಿರದ ನಾನೂರು. ಟೈಲ್ಸು, ನಲ್ಲಿ ನನ್ನ ಅಂಗಡಿಯವೇ, ಅಸಲಿಗೇ ಹಾಕಿದ್ದೇನೆ. ತಮ್ಮನ ಹತ್ತಿರ ಲಾಭ ತಿನ್ನುವಷ್ಟು ಹಸಿವು ನನಗಿನ್ನೂ ಬಂದಿಲ್ಲ.

ಇಷ್ಟಾದರೂ ಮನೆ ಮಾರಿಲ್ಲ. ನೀನು ಬರೆದದ್ದು ಒಂದೇ ಸಾಲು: "ಅತ್ತಿಗೆ, ಅವರಿಗೆ ಇಲ್ಲಿಗೆ ಬರೋಕೆ ಇಷ್ಟ ಇದೆಯೋ ಇಲ್ವೋ, ಅಷ್ಟು ಹೇಳಿ ಸಾಕು." ಅದರ ಕೆಳಗೆ ಆಸ್ಪತ್ರೆಯವರು ಕೊಟ್ಟ ಗಡುವು. ಈಗಿರುವ ಎರಡು ಕೋಣೆಯ ಮನೆಯನ್ನು ಇಟ್ಟುಕೊಳ್ಳುತ್ತೀಯೋ, ಬಿಟ್ಟುಕೊಟ್ಟು ಒಂಟಿ ಕೋಣೆಗೆ ಹೋಗುತ್ತೀಯೋ, ಮೂವತ್ತನೇ ತಾರೀಖಿನೊಳಗೆ ಹೇಳಬೇಕು ಅಂತ.

ನಾನು ಬಾಯಲ್ಲಿ ಹೇಳಿದರೆ ಅದು ತಮ್ಮನ ಪರ ಅಕ್ಕನ ವಕಾಲತ್ತು ಆಗುತ್ತದೆ. ಅದಕ್ಕೇ ನಮ್ಮಿಬ್ಬರ ಪತ್ರಗಳಲ್ಲಿ ಮುಖ್ಯವಾದವನ್ನು ಆರಿಸಿ ಕಳಿಸುತ್ತಿದ್ದೇನೆ. ಅವನು ಬರೆದವು ಮೂಲ, ನಾನು ಬರೆದವು ಬಿಲ್ ಪುಸ್ತಕದ ಕಾರ್ಬನ್ ಪ್ರತಿ. ಫೋನಿನಲ್ಲಿ ಆಡಿದ ಮಾತಿಗೆ ರಸೀದಿ ಇರುವುದಿಲ್ಲ ನೋಡು.

ಅವನ ಕೊನೆಯ ಪತ್ರದಲ್ಲಿ "ಅವಳಿಗೆ ಹೇಳಬೇಡ" ಎಂದಿದೆ. ನಾನು ಹೇಳುತ್ತಿಲ್ಲ, ಅಂಚೆಗೆ ಹಾಕುತ್ತಿದ್ದೇನೆ. ಆ ಪತ್ರಕ್ಕೆ ಮೂರು ವಾರದಿಂದ ಉತ್ತರ ಬರೆಯಲು ನನ್ನ ಕೈ ಏಳಲಿಲ್ಲ. ಓದಿದರೆ ಯಾಕೆಂದು ತಿಳಿಯುತ್ತದೆ.

ನಿನ್ನ ಅತ್ತಿಗೆ

*

ಜನವರಿ ೯

ಅಕ್ಕಾ,

ಅವಳು ಹೊರಟು ವಾರವಾಯಿತು. ಹೆಡ್ ನರ್ಸ್ ಆದಳಲ್ಲ, ಇರಲು ಆಸ್ಪತ್ರೆಯ ಆವರಣದಲ್ಲೇ ಎರಡು ಕೋಣೆ ಕೊಟ್ಟಿದ್ದಾರೆ. "ಮನೆ ಮಾರಿ ಬಂದ್ಬಿಡಿ, ಆ ದುಡ್ಡಲ್ಲಿ ನಿಧಾನಕ್ಕೆ ಅಲ್ಲೇ ಒಂದು ತಗೊಳ್ಳೋಣ" ಅಂದಳು. ಬಸ್ಸು ಹೊರಟ ಮೇಲೂ ಕಿಟಕಿಯಿಂದ ಇನ್ನೊಂದು ಸಲ ಹೇಳಿದಳು.

ಆಗಲೇ ಒಬ್ಬರು ಬಂದು ನೋಡಿ ಹೋದರು. ಬಸ್ ಡ್ರೈವರ್, ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬಂದರು. ಜೊತೆಗೆ ಅವರ ತಾಯಿ. ಆಯಮ್ಮ ಕೋಲೂರಿಕೊಂಡು ಕೋಣೆ ಕೋಣೆ ಸುತ್ತಿದರು. ಅಡುಗೆಮನೆ ನಲ್ಲಿ ನೋಡಿ, "ಇದು ಹೀಗೇ ಅಳ್ತಾ ಇರುತ್ತಾ?" ಅಂದರು. ಮೂವತ್ತೆಂಟು ಲಕ್ಷ ಕೊಡ್ತೀನಿ, ನಾಳೆಯೇ ಮುಂಗಡ ಅಂದರು ಡ್ರೈವರ್. ನಮ್ಮಕ್ಕನ್ನ ಒಂದು ಮಾತು ಕೇಳ್ತೀನಿ ಅಂದೆ. "ನಿಮಗೆ ವಯಸ್ಸೆಷ್ಟು?" ಅಂದರು. ಐವತ್ತೊಂದು ಅಂದೆ. ತಾಯಿ ಮಗ ಇಬ್ಬರೂ ನಕ್ಕರು.

ಏನು ಹೇಳಲಿ? ಮುಂದಿನ ಕೋಣೆಯಲ್ಲಿ ಹನ್ನೊಂದು ಶರ್ಟು ಹೊಲಿಯಲು ಬಾಕಿ ಇವೆ. ಹೇಗೂ ಅವು ಮುಗಿಯುವವರೆಗೆ ಹೊರಡಲು ಆಗುವುದಿಲ್ಲ.

ನಿನ್ನ ತಮ್ಮ

*

ಜನವರಿ ೧೬

ತಮ್ಮಾ,

ಮೂವತ್ತೆಂಟಕ್ಕೆ ಹ್ಞೂಂ ಅನ್ನಬೇಡ. ಮನೆ ಕೊಳ್ಳುವವನು ಗೇಟು ತೆಗೆದು ಮುಂಬಾಗಿಲು ಮುಟ್ಟುವಷ್ಟರಲ್ಲಿ ಮನಸ್ಸಿನೊಳಗೆ ಬೆಲೆ ಕಟ್ಟಿರುತ್ತಾನೆ. ಒಳಗೆ ಬಂದು ನೋಡುವುದೆಲ್ಲ ಆ ಬೆಲೆ ಇಳಿಸಲು ನೆಪ ಹುಡುಕುವುದಕ್ಕೆ. ನಿನ್ನ ಗೇಟು ಹೇಗಿದೆ? ಕೆಳಗಿನ ಕಂಬಿ ಉದುರಿ ಬೆಕ್ಕು ಓಡಾಡುತ್ತದೆ. ಬೆಕ್ಕಿಗೆ ಅನುಕೂಲವಾದ ಮನೆಗೆ ಮನುಷ್ಯ ಮೂವತ್ತೆಂಟೇ ಕೊಡುವುದು.

ಹೊರಗೆ ಒಳಗೆ ಎರಡು ಕೋಟು ಕೆನೆಬಣ್ಣ ಹೊಡೆಸು. ಮುಂಬಾಗಿಲಿಗೆ ಪಾಲಿಶ್. ಅಳುವ ನಲ್ಲಿ ಕಿತ್ತುಹಾಕು, ಸಿಂಕು ಸಮೇತ ನಾನು ಕಳಿಸುತ್ತೇನೆ. ಅಡುಗೆಮನೆ ಕಟ್ಟೆಗೆ ಕಪ್ಪು ಕಲ್ಲು. ಗೇಟನ್ನು ಇಲ್ಲಿ ನನಗೆ ಗೊತ್ತಿರುವ ವೆಲ್ಡರ್ ಹತ್ತಿರ ಮಾಡಿಸುತ್ತೇನೆ, ಅಳತೆ ಕಳಿಸು. ಇಷ್ಟು ಮಾಡಿದರೆ ನಲವತ್ತೆರಡಕ್ಕೆ ಒಂದು ಕಾಸು ಕಡಿಮೆ ಇಲ್ಲ. ಸ್ಕ್ರೂ ಎಣಿಸಿ ಕೊಡುವ ಕೆಲಸಕ್ಕೆ ಸೇರಿ ಆ ಅಂಗಡಿಯನ್ನೇ ಕೊಂಡವಳ ಮಾತು ಇದು, ನಂಬು.

ಡ್ರೈವರ್ ಕೈತಪ್ಪುತ್ತಾನೆ ಅಂತ ಹೆದರಬೇಡ. ಹೋದ ದಾರಿಯಲ್ಲೇ ತಿರುಗಿ ಬರುವುದು ಅವನ ಕಸುಬು.

ಏನೇನಾಯಿತು ಅಂತ ವಾರವಾರ ಬರಿ. ಮೂರು ಸಾಲಿನ ಕಾರ್ಡು ಬೇಡ. ವಿವರವಾಗಿ ಬರಿ, ಕೆಲಸದವರು ಏನಂದರು ಎನ್ನುವುದೂ ಸೇರಿ.

ಅಕ್ಕ

*

ಫೆಬ್ರವರಿ ೧೧

ಅಕ್ಕಾ,

ಎರಡು ಕೋಟು ಮುಗಿಯಿತು. ಬಣ್ಣದವನು ಡಬ್ಬಿ ತೆಗೆಯುವ ಮೊದಲು "ಯಾವ ಬಣ್ಣ ಸಾರ್?" ಅಂದ. ಅಕ್ಕ ಕೆನೆಬಣ್ಣ ಅಂದಿದ್ದಾಳೆ ಅಂದೆ. "ನೀವಿರೋ ಮನೆ, ನಿಮಗೆ ಇಷ್ಟವಾದ್ದು ಹಾಕ್ಸಿ" ಅಂದ. ಇರೋಕಲ್ಲ, ಮಾರೋಕೆ ಅಂದೆ. "ಓ, ಹಾಗಾದ್ರೆ ಯಾರಿಗೂ ಬೇಜಾರಾಗದ ಬಣ್ಣ" ಅಂತ ಹೇಳಿ ಕೆನೆಬಣ್ಣವನ್ನೇ ಕಲಸಿದ.

ನೀನು ಕಳಿಸಿದ ನಲ್ಲಿ ಬಂತು. ತಿರುಗಿಸಿದರೆ ಸದ್ದೇ ಇಲ್ಲ. ಆ ಹಳೆಯ ತೊಟ್ಟಿನ ಸದ್ದಿಗೇ ಮೆಷಿನ್ ತುಳಿದು ಅಭ್ಯಾಸವಾಗಿತ್ತು ಅಂತ ಕಾಣುತ್ತದೆ, ಎರಡು ದಿನ ಕೆಲಸ ಸಾಗಲಿಲ್ಲ.

ಗೇಟಿನ ಅಳತೆ: ಅಗಲ ಮೂವತ್ತೆರಡು ಇಂಚು, ಎತ್ತರ ನಲವತ್ತೆರಡು. ನಾನೇ ಟೇಪು ಹಿಡಿದಿದ್ದೇನೆ, ಚಿಂತೆ ಬೇಡ.

ಡ್ರೈವರ್‌ಗೆ ಗೇಟು ಬರಲಿ ಅಂತ ಹೇಳಿ ಕಳಿಸಿದ್ದೇನೆ. "ಅವಸರ ಇಲ್ಲ, ಬೇರೆನೂ ನೋಡ್ತಿರ್ತೀವಿ" ಅಂದರಂತೆ.

ತಮ್ಮ

*

ಮಾರ್ಚ್ ೪

ಅಕ್ಕಾ,

ಬೈಯುವುದನ್ನು ಪತ್ರ ಪೂರ್ತಿ ಓದಿದ ಮೇಲೆ ಬೈ.

ಗೇಟು ಬಂತು. ಕೆಲಸ ಚೆನ್ನಾಗಿದೆ, ಬೆಸುಗೆ ಎಲ್ಲೂ ಕಾಣುವುದಿಲ್ಲ. ನಾಲ್ಕು ಜನ ಎತ್ತಿ ಕಂಬಗಳ ನಡುವೆ ಹಿಡಿದರು. ಗಾರೆಯವನು ಹಿಂದೆ ಸರಿದು ನೋಡಿದ, ತಲೆ ಓರೆ ಮಾಡಿ ನೋಡಿದ. ಆಮೇಲೆ ಕೇಳಿದ, "ಸಾರ್, ಗೇಟು ಉಬ್ಬಿದೆಯಾ, ಕಂಬ ಕುಗ್ಗಿದೆಯಾ?"

ಕಂಬಗಳ ನಡುವೆ ಇರುವುದು ಇಪ್ಪತ್ತೆಂಟು ಇಂಚು. ನಾನು ಅಳೆದಾಗಲೂ ಇಪ್ಪತ್ತೆಂಟೇ ಬಂದಿತ್ತು, ಈಗಲೂ ಚೆನ್ನಾಗಿ ನೆನಪಿದೆ. ಬರೆಯುವಾಗ ಕೈ ತನ್ನಷ್ಟಕ್ಕೆ ನಾಲ್ಕು ಕೂಡಿಸಿದೆ. ಎದೆಯ ಸುತ್ತಳತೆಗೆ ನಾಲ್ಕು ಇಂಚು ಸಡಿಲ ಬಿಡದೆ ನಾನು ಯಾವತ್ತೂ ಬಟ್ಟೆಗೆ ಕತ್ತರಿ ಹಾಕಿಲ್ಲ. ಬಿಡದಿದ್ದರೆ ಶರ್ಟು ತೊಟ್ಟವನು ಉಸಿರಾಡುವುದು ಹೇಗೆ? ಮೂವತ್ತು ವರ್ಷದ ಕೈ, ಕಬ್ಬಿಣ ಯಾವುದು ಬಟ್ಟೆ ಯಾವುದು ಅಂತ ಕೇಳಲಿಲ್ಲ.

ಗೇಟು ಕತ್ತರಿಸಿ ಬೆಸೆದರೆ ಅಂದ ಕೆಡುತ್ತದೆ ಅನ್ನುತ್ತಾನೆ ಗಾರೆಯವನು. ಎಡಗಡೆ ಕಂಬ ಹೇಗೂ ವಾಲಿದೆ, ಅದನ್ನೇ ಕೆಡವಿ ನಾಲ್ಕು ಇಂಚು ಆಚೆ ಕಟ್ಟುತ್ತಾನಂತೆ. ಎರಡು ವಾರದ ಕೆಲಸ. ಅಲ್ಲಿಯವರೆಗೆ ಗೇಟನ್ನು ಗೋಡೆಗೆ ಒರಗಿಸಿದ್ದೇವೆ. ಬರುವವರು ಹೋಗುವವರು ನನ್ನನ್ನು ಬಿಟ್ಟು ಗೇಟನ್ನೇ ಮಾತಾಡಿಸುತ್ತಾರೆ.

ತಮ್ಮ

*

ಮಾರ್ಚ್ ೧೦

ತಮ್ಮಾ,

ಗೇಟು ಉಸಿರಾಡುವುದಿಲ್ಲ ಕಣೋ. ಅಂಗಡಿಯಲ್ಲಿ ನಿಂತು ನಿನ್ನ ಪತ್ರ ಓದಿ ನಕ್ಕ ರಭಸಕ್ಕೆ ಗಿರಾಕಿಯೊಬ್ಬ ಚಿಲ್ಲರೆ ಬಿಟ್ಟು ಹೋದ. ವೆಲ್ಡರ್‌ಗೂ ಓದಿ ಹೇಳಿದೆ. "ನಿಮ್ಮ ತಮ್ಮನ ಹತ್ರ ಒಂದು ಪ್ಯಾಂಟು ಹೊಲಿಸಬೇಕು ಅಕ್ಕಾ, ನನಗೂ ಸಡಿಲ ಬೇಕಾಗಿದೆ" ಅಂತ ಹೊಟ್ಟೆ ಸವರಿಕೊಂಡ.

ಆಯಿತು, ಕಂಬ ಕಟ್ಟಿಸು. ಹೇಗೂ ಎರಡು ವಾರ ಸಿಕ್ಕಿತಲ್ಲ, ಹಾಗೆಯೇ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸು, ಇವತ್ತೇ ಲಾರಿಗೆ ಹಾಕುತ್ತೇನೆ. ಅದಾದ ಮೇಲೆ ಅಂಗಳ. ಗೇಟಿನಿಂದ ಬಾಗಿಲಿಗೆ ಕಲ್ಲುಹಾಸು ಇರಲಿ, ಎರಡೂ ಬದಿಗೆ ಹೂವಿನ ಗಿಡ. ಬೇಗ ಸಾಯದಂಥವನ್ನು ಹಾಕಿಸು. ಕೊಳ್ಳುವವರು ಬಂದಾಗ ಗಿಡ ಒಣಗಿದ್ದರೆ ಮನೆಯೂ ಒಣಗಿದ ಹಾಗೆ ಕಾಣುತ್ತದೆ.

ಯಾವ ಗಿಡ ಎಲ್ಲಿ ಹಾಕಿದೆ ಅಂತ ಚಿತ್ರ ಬರೆದು ಕಳಿಸು.

ಅಕ್ಕ

*

ಏಪ್ರಿಲ್ ೨೧

ಅಕ್ಕಾ,

ಗಿಡಗಳು ಬೇರು ಬಿಟ್ಟಿವೆ. ಬಿಳಿ ಹೂವಿನದು ಎರಡು ಹೋಯಿತು, ಬದಲಿಗೆ ಹಳದಿಯದು ಹಾಕಿದೆ. ಬೆಳಿಗ್ಗೆ ನೀರು ಹಾಯಿಸಿ ಮೆಷಿನ್ ಮುಂದೆ ಕೂತರೆ ಕಿಟಕಿಯಿಂದ ಕಾಣುತ್ತವೆ. ಎದುರುಮನೆಯವರು ತಮಗೂ ಇಂಥದೇ ಗೇಟು ಬೇಕು, ಇಷ್ಟೇ ಅಗಲ ಇರಲಿ ಅಂದರು.

ಹೋದ ವಾರ ಗಂಡ ಹೆಂಡತಿ ಬಂದು ನೋಡಿದರು. ನಲವತ್ತು ಅಂದರು. ಯೋಚಿಸಿ ಹೇಳ್ತೀನಿ ಅಂದೆ. ಮುಂದಿನ ಕೋಣೆಯ ಗೋಡೆಯಲ್ಲಿ, ಇಸ್ತ್ರಿ ಮೇಜಿನ ಹಿಂದೆ, ಸಣ್ಣದೊಂದು ಕಲೆ ಎದ್ದಿತ್ತು. ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಬಣ್ಣದವನನ್ನು ಕರೆಸಿ ಮನೆಗೆಲ್ಲ ಮೂರನೇ ಕೋಟು ಹೊಡೆಸಿದೆ. ಅಷ್ಟರಲ್ಲಿ ಅವರು ಬೇರೆ ಕಡೆ ಮುಗಿಸಿಕೊಂಡರಂತೆ. ಹೋಗಲಿ.

ಅವಳ ಪತ್ರ ಬಂತು. ಚೆನ್ನಾಗಿದ್ದಾಳೆ. ಮೊದಲೆಲ್ಲ ಪ್ರತಿ ಪತ್ರದಲ್ಲೂ "ಯಾವಾಗ ಬರ್ತೀರಿ" ಅಂತ ಇರುತ್ತಿತ್ತು, ಈಗ ಎರಡು ಪತ್ರದಿಂದ ಆ ಮಾತಿಲ್ಲ. ಕೆಲಸ ಜಾಸ್ತಿ ಇರಬೇಕು.

ತಮ್ಮ

*

ಮೇ ೩

ತಮ್ಮಾ,

ನಲವತ್ತು ಲಕ್ಷ ಬಾಗಿಲಿಗೆ ಬಂದು ನಿಂತಿತ್ತು. ನೀನು ಇಸ್ತ್ರಿ ಮೇಜಿನ ಹಿಂದಿನ ಕಲೆ ನೋಡುತ್ತ ಕೂತೆ!

ಬಣ್ಣ ಮಾರಿಯೇ ಅನ್ನ ತಿಂದವಳು ನಾನು. ಮಾರುವ ಮನೆಗೆ ಎರಡನೇ ಕೋಟೇ ದಾನ. ಮೂರನೇ ಕೋಟು ಹೊಡೆಸುವವನು ಮನೆ ಮಾರುವವನಲ್ಲ. ಹನ್ನೊಂದು ಶರ್ಟು ಬಾಕಿ ಅಂತ ಜನವರಿಯಲ್ಲಿ ಬರೆದೆ. ಅವು ಮುಗಿದವು ಅಂತ ಒಂದು ಪತ್ರದಲ್ಲೂ ಇಲ್ಲ.

ಮತ್ತೆ, ಹೆಂಡತಿ "ಯಾವಾಗ" ಅಂತ ಕೇಳುವುದನ್ನು ನಿಲ್ಲಿಸಿದರೆ ಅದಕ್ಕೆ ಕಾರಣ ಕೆಲಸ ಜಾಸ್ತಿ ಅಲ್ಲ ಪೆದ್ದೇ. ಅದು ಗಿರಾಕಿ ಬೆಲೆ ಕೇಳುವುದನ್ನು ನಿಲ್ಲಿಸಿದ ಹಾಗೆ. ಇನ್ನೆರಡು ಹೆಜ್ಜೆಗೆ ಅಂಗಡಿ ಬಿಟ್ಟು ಇಳಿಯುತ್ತಾನೆ.

ಬಣ್ಣ, ಗಿಡದ ಸುದ್ದಿ ಸಾಕು. ಅಲ್ಲಿಗೆ ಹೋಗಲು ನಿನಗೆ ಏನು ಹೆದರಿಕೆ? ಅಷ್ಟು ಬರಿ.

ಅಕ್ಕ

*

ಮೇ ೨೦

ಅಕ್ಕಾ,

ಗೇಟಿನ ತಪ್ಪು ನಿಜವಾಗಿ ತಪ್ಪೇ. ಆದರೆ ಆ ದಿನ ಗೇಟು ಕೂರಲಿಲ್ಲ, ಇನ್ನೆರಡು ವಾರ ಅಂತ ಗೊತ್ತಾದಾಗ ನನಗೆ ಊಟ ರುಚಿಸಿತು. ಅದು ತಪ್ಪಲ್ಲ, ಕಳ್ಳತನ.

ಇಲ್ಲಿ ನಾನು ಬೀದಿಗೆ ಇಳಿದರೆ ಅರ್ಧ ಜನರ ಸೊಂಟ ನನಗೆ ಬಾಯಿಪಾಠ. ಯಾರು ದಪ್ಪ ಆದರು, ಯಾರು ಆಗಿಲ್ಲ ಅಂತ ವಾದ ಮಾಡುತ್ತಾರೆ, ಎಲ್ಲ ನನ್ನ ಪುಸ್ತಕದಲ್ಲಿದೆ. ಅಲ್ಲಿ ನಾನು ಹೆಡ್ ನರ್ಸ್ ಗಂಡ, ಅಷ್ಟೇ. ಅವಳ ಹೆಸರಿನಲ್ಲಿ ಬದುಕಲು ನನಗೆ ನಾಚಿಕೆ ಇಲ್ಲ. ಆದರೆ ಕೈಗೆ ಕೆಲಸ ಬೇಕು. ಎರಡು ಕೋಣೆಯಲ್ಲಿ ನನ್ನ ಮೆಷಿನ್ ಎಲ್ಲಿ ಇಡುವುದು? ಅವಳು ಒಂದು ಸಲವೂ ಆ ಮಾತು ಎತ್ತಿಲ್ಲ. ನಾನೇ ಕೇಳಬಹುದು. "ಜಾಗ ಇಲ್ಲ, ಮಾರಿ ಬನ್ನಿ" ಅಂದುಬಿಟ್ಟರೆ? ಅದಕ್ಕೇ ಕೇಳದೆ ಬಣ್ಣ ಹೊಡೆಸುತ್ತಿದ್ದೇನೆ. ಅವಳಿಗೆ ಹೇಳಬೇಡ.

ಈಗ ನಿನ್ನ ಲೆಕ್ಕ.

ಹೋದ ವರ್ಷ ನಾನು ನಿನ್ನ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬರು ಬಚ್ಚಲಿಗೆ ಟೈಲ್ಸ್ ಕೇಳಿಕೊಂಡು ಬಂದರು, ಮನೆ ಮಾರ್ತೀವಿ ಅಂದರು. ನೀನು ಏನಂದೆ? "ಮಾರೋ ಮನೆಗೆ ಹೊಸ ಟೈಲ್ಸ್ ಯಾಕ್ರೀ? ಉಜ್ಜಿ ತೊಳೆದು ಸಂದಿಗೆ ಬಿಳಿ ಸಿಮೆಂಟ್ ತುಂಬಿ, ಸಾಕು." ಗುರುತು ಪರಿಚಯ ಇಲ್ಲದವರಿಗೆ ಬಿಳಿ ಸಿಮೆಂಟು, ತಮ್ಮನಿಗೆ ಲಾರಿ ತುಂಬ ಟೈಲ್ಸು. ಒಂದು ಕೆಲಸ ಮುಗಿಯಿತು ಅಂತ ನಾನು ಬರೆದರೆ ಸಾಕು, ಇನ್ನೊಂದು ಕೆಲಸ ಹೇಳುತ್ತಿದ್ದೆ. ಗಿಡದ ಚಿತ್ರದಿಂದ ಮನೆಗೆ ಯಾವ ಬೆಲೆ ಬರುತ್ತದೆ ಅಕ್ಕಾ?

ಮೊದಲೆಲ್ಲ ನಾನು ನಿನಗೆ ವರ್ಷಕ್ಕೆ ಎರಡು ಪತ್ರ ಬರೆಯುತ್ತಿದ್ದೆ. ಈ ಐದು ತಿಂಗಳಲ್ಲಿ ಹದಿನೇಳು. ನೀನು ಎಣಿಸಿಲ್ಲ ಅಂದರೆ ನಾನು ನಂಬುವುದಿಲ್ಲ.

ತಮ್ಮ

*

ಜೂನ್ ೧೯

ಅತ್ತಿಗೆಗೆ ನಮಸ್ಕಾರ.

ಅಕ್ಕ ತಮ್ಮ ಇಬ್ಬರಿಗೂ ಒಂದೊಂದು ಇಂಜೆಕ್ಷನ್ ಚುಚ್ಚಬೇಕು. ನನಗೂ ಒಂದು, ನಾನೂ ಕಡಿಮೆ ಇಲ್ಲ.

ಬಂದ ವಾರವೇ ಕಿಟಕಿ ಪಕ್ಕದ ಜಾಗ ಅವರ ಮೆಷಿನ್ನಿಗೆ ಅಂತ ಖಾಲಿ ಬಿಟ್ಟೆ. ಮಧ್ಯಾಹ್ನದವರೆಗೂ ಬೆಳಕು ಬೀಳುತ್ತದೆ. ನನ್ನ ಊಟದ ಮೇಜು ಬಾಗಿಲ ಹತ್ತಿರ ಇದೆ, ಐದು ತಿಂಗಳಿಂದ ಹೋಗುತ್ತ ಬರುತ್ತ ಸೊಂಟಕ್ಕೆ ಬಡಿಯುತ್ತದೆ. ನಮ್ಮ ವಾರ್ಡಿನಲ್ಲಿ ಹನ್ನೆರಡು ಜನ, ಒಬ್ಬರ ಯೂನಿಫಾರಂ ತೋಳೂ ಸರಿ ಕೂರುವುದಿಲ್ಲ, ಕೈ ಎತ್ತಿದರೆ ಕಂಕುಳು ಹಿಡಿಯುತ್ತದೆ. ನಮ್ಮೆಜಮಾನ್ರು ಬರ್ತಾರೆ ತಡೀರಿ ಅಂತ ಎಲ್ಲರನ್ನೂ ತಡೆದಿಟ್ಟಿದ್ದೇನೆ. ಇದೊಂದನ್ನೂ ಅವರಿಗೆ ಬರೆಯಲಿಲ್ಲ. "ನನ್ನ ಮೆಷಿನ್ ಎಲ್ಲಿಡ್ಲಿ?" ಅಂತ ಅವರಾಗಿ ಕೇಳಿದರೆ ಬರುವ ಮನಸ್ಸಿದೆ ಅಂತ ತಿಳಿಯುತ್ತೆ, ಅಲ್ಲಿಯವರೆಗೆ ಬಾಯಿ ಬಿಡಬಾರದು ಅಂದುಕೊಂಡೆ. ಮೂರು ಜನ ಬುದ್ಧಿವಂತರು ಸೇರಿ ಒಂದು ಮಾತು ಆಡಲಿಲ್ಲ ನೋಡಿ.

ಎರಡು ಕೋಣೆಯೇ ಇರಲಿ ಅಂತ ಬೆಳಿಗ್ಗೆ ಸಹಿ ಹಾಕಿ ಬಂದೆ. ಈ ಪತ್ರ ಅವರಿಗೇ ಕಳಿಸಿ.

*

ಜೂನ್ ೨೧

ತಮ್ಮಾ,

ಇದರ ಜೊತೆಗೆ ನಿನ್ನ ಹೆಂಡತಿಯ ಪತ್ರವಿದೆ. ಮೊದಲು ಅದನ್ನು ಓದು, ಆಮೇಲೆ ಇದನ್ನು. ನಿನ್ನ ಗುಟ್ಟನ್ನು ನಾನು ಅಂಚೆಯಲ್ಲಿ ಕಳಿಸಿದ್ದು ಹೌದು. ಸಿಟ್ಟಿದ್ದರೆ ಇರಲಿ.

ಹದಿನೇಳಲ್ಲ, ಹದಿನೆಂಟು. ಫೆಬ್ರವರಿ ಕೊನೆಯ ಕಾರ್ಡೊಂದನ್ನು ಮರೆತಿದ್ದೀಯ.

ಅಂಗಡಿ ಮುಚ್ಚಿ ಮಹಡಿ ಹತ್ತಿದರೆ ನನ್ನ ಜೊತೆ ಮಾತಾಡಲು ನಾಳೆ ಬರುವ ಸರಕಿನ ಪಟ್ಟಿ ಮಾತ್ರ ಇರುತ್ತದೆ. ನಿನ್ನ ಪತ್ರ ಬಂದರೆ ಗಾರೆಯವನು, ಬಣ್ಣದವನು, ಬೆಕ್ಕು, ಎಲ್ಲರೂ ಮೇಲೆ ಬರುತ್ತಿದ್ದರು. ಆ ಆಸೆಗೆ ಟೈಲ್ಸ್ ಕಳಿಸಿದೆ. ಅದರಿಂದ ಗಂಡ ಹೆಂಡತಿ ಐದು ತಿಂಗಳು ಎರಡು ಕಡೆ ಊಟ ಮಾಡುತ್ತೀರಿ ಅನ್ನುವುದನ್ನು ಯಾವ ಖಾತೆಗೂ ಬರೆಯಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಇಂಥ ಲೆಕ್ಕ ತಪ್ಪಿದ್ದು ಇದೇ ಮೊದಲು.

ಬಂದ ಬೆಲೆಗೆ ಕೊಟ್ಟುಬಿಡು. ನನ್ನನ್ನು ಕೇಳಬೇಡ.

ಅಕ್ಕ

*

ಜೂನ್ ೨೯

ಅಕ್ಕಾ,

ಕೇಳಲಿಲ್ಲ.

ನಿಮ್ಮಿಬ್ಬರ ಪತ್ರ ಓದಿ, ಚಪ್ಪಲಿ ಮೆಟ್ಟಿ, ನೇರ ಬಸ್ ನಿಲ್ದಾಣಕ್ಕೆ ಹೋದೆ. ಮೂರು ಬಸ್ಸು ಬಿಟ್ಟ ಮೇಲೆ ನಾಲ್ಕನೆಯದರಲ್ಲಿ ಡ್ರೈವರ್ ಸಿಕ್ಕರು. ನನ್ನನ್ನು ನೋಡಿದ ಕೂಡಲೇ "ಏನ್ಸಾರ್, ಅಕ್ಕ ಒಪ್ಪಿದ್ರಾ?" ಅಂದರು. ಅವರಿಗೆ ಇನ್ನೂ ಮನೆ ಸಿಕ್ಕಿಲ್ಲ. ಏಪ್ರಿಲ್‌ನಲ್ಲಿ ತಾಯಿ ಬಿದ್ದು, ಈಗ ಗಾಲಿಕುರ್ಚಿಯಂತೆ. ಆರು ಮನೆ ನೋಡಿದ್ದಾರೆ. ಎರಡು ಕಡೆ ಮೆಟ್ಟಿಲು, ನಾಲ್ಕು ಕಡೆ ಗೇಟಿನಲ್ಲೇ ಕುರ್ಚಿ ಸಿಕ್ಕಿಕೊಂಡಿದೆ.

ಮ‌ರುದಿನ ಬಂದರು. ಕುರ್ಚಿ ನಮ್ಮ ಗೇಟಿನಲ್ಲಿ ಎಲ್ಲೂ ಮುಟ್ಟದೆ ಒಳಗೆ ಬಂತು. ಹಳೆಯ ಇಪ್ಪತ್ತೆಂಟಾಗಿದ್ದರೆ ಆಯಮ್ಮನ ಬೆರಳ ಗೆಣ್ಣು ತರಚುತ್ತಿತ್ತು. ಕಲ್ಲುಹಾಸಿನ ಮೇಲೆ ಕುರ್ಚಿ ನಿಲ್ಲಿಸಿ ಆಯಮ್ಮ ಹಿಂದೆ ತಿರುಗಿ ನೋಡಿದರು.

"ಇಷ್ಟು ಅಗಲ ಯಾರಪ್ಪಾ ಮಾಡಿಸಿದ್ದು?"

"ತಪ್ಪಿ ಆಗಿದ್ದಮ್ಮ."

"ಹಾಗಿದ್ರೆ ಬಚ್ಚಲ ಬಾಗಿಲಿಗೂ ಸ್ವಲ್ಪ ತಪ್ಪಬಾರದಿತ್ತಾ?"

ಮೂವತ್ತೆಂಟೇ ಕೊಡಿ ಅಂದೆ. "ಜನವರಿಯಲ್ಲಿ ನಲ್ಲಿ ಅಳ್ತಿತ್ತು, ಮೂವತ್ತೊಂಬತ್ತು" ಅಂದರು ಡ್ರೈವರ್. ಬೇಡ ಅಂದೆ, ಬೇಕು ಅಂದರು. ಕೊನೆಗೆ ಆಯಮ್ಮನೇ "ಕೊಡೋನು ಕಮ್ಮಿ ಅಂತಾನೆ, ತಗೊಳ್ಳೋನು ಜಾಸ್ತಿ ಅಂತಾನೆ, ಇಬ್ಬರಿಗೂ ಬಿಸಿಲು ಹತ್ತಿದೆ" ಅಂತ ಮೂವತ್ತೊಂಬತ್ತಕ್ಕೆ ಮುಗಿಸಿದರು. ನಿನ್ನೆ ಮುಂಗಡ ಬಂತು. ಹನ್ನೊಂದು ಶರ್ಟೂ ಕೊಟ್ಟಾಯಿತು. ಮೆಷಿನ್ನಿಗೆ ಗೋಣಿ ಸುತ್ತಿದ್ದೇನೆ, ನಾಡಿದ್ದು ಹೊರಡುತ್ತೇನೆ.

ಅವಳಿಗೆ ಬರೆದೆ. ಒಂದೇ ಸಾಲು: ನನ್ನ ಮೆಷಿನ್ ಎಲ್ಲಿಡಲಿ?

ತಮ್ಮ

*

ಜುಲೈ ೧೨

ತಮ್ಮನಿಗೂ ನರ್ಸಮ್ಮನಿಗೂ,

ಇನ್ನು ಈ ಖಾತೆ ಮುಚ್ಚೋಣ.

ಮನೆಗೆ ಹಾಕಿದ್ದು ಒಂದು ಲಕ್ಷದ ಎಂಬತ್ತಾರು ಸಾವಿರದ ನಾನೂರು. ಅದರಿಂದ ಏರಿದ ಬೆಲೆ ಒಂದು ಲಕ್ಷ. ನಷ್ಟ ಎಂಬತ್ತಾರು ಸಾವಿರದ ನಾನೂರು. ಅದನ್ನು ನನ್ನ ಹೆಸರಿಗೆ ಬರೆದುಕೊಂಡಿದ್ದೇನೆ, ವಾದ ಬೇಡ. ಹಣ ಈ ಪತ್ರದ ಹಿಂದೆಯೇ ಬರುತ್ತದೆ.

ಯಾರಿಗೆ ಏನು ಬಂತು ಅಂದರೆ:

ಬಣ್ಣದವನಿಗೆ ಒಂದು ಕೋಟಿನ ಕೂಲಿ ಹೆಚ್ಚಿಗೆ. ಗಾರೆಯವನಿಗೆ ಎರಡು ವಾರದ ಕೆಲಸ. ವೆಲ್ಡರ್‌ಗೆ ಎದುರುಮನೆಯವರ ಗೇಟು. ಡ್ರೈವರ್‌ಗೆ ಮನೆ. ಅವರ ತಾಯಿಗೆ ಅಂಗಳ, ಯಾರನ್ನೂ ಕರೆಯದೆ ಹೋಗಿ ಬರುವಷ್ಟು. ಹನ್ನೆರಡು ನರ್ಸುಗಳಿಗೆ ಕೈ ಎತ್ತಲು ಬರುವ ತೋಳು. ತಮ್ಮನಿಗೆ ಕಿಟಕಿ. ನರ್ಸಮ್ಮನಿಗೆ ಗಂಡ, ಐದು ತಿಂಗಳು ತಡವಾಗಿ.

ನನಗೆ ಪತ್ರ, ಹತ್ತೊಂಬತ್ತು.

ಅಕ್ಕ